ಅಪ್ಪನ ಪಾರ್ಕಿನ್ಸನ್‌ಗೆ ಜೀನ್ ಥೆರಪಿ: ತೀರ್ಥಹಳ್ಳಿಯವರ ಪ್ರಶ್ನೆಗೆ

ಅಪ್ಪನಿಗೆ ಒಂಬತ್ತು ವರ್ಷದಿಂದ ಪಾರ್ಕಿನ್ಸನ್, ಮಾತ್ರೆಯ ಗುಣ ಮೂರೇ ಗಂಟೆಗೆ ಇಳಿಯುತ್ತಿದೆ, ಜೀನ್ ಥೆರಪಿ ಮಾಡಿಸಬಹುದಾ ಅಂತ ಕೇಳಿದ್ದೀರಿ. ಅದಿನ್ನೂ ಪ್ರಯೋಗದ ಹಂತದಲ್ಲಿದೆ. ಯಾರಾದರೂ ಇಷ್ಟು ಲಕ್ಷ ಅಂತ ರೇಟು ಹೇಳಿದರೆ ದಯವಿಟ್ಟು ನಂಬಬೇಡಿ.

ಕಾಯಿಲೆ ತರದ ಎಎವಿ2 ವೈರಸ್ಸಿನೊಳಗೆ ಜೀನ್ ತುಂಬಿ, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಎಂಆರ್‌ಐ ನೋಡುತ್ತಾ ತೆಳು ಕೊಳವೆಯಲ್ಲಿ ಮೆದುಳಿನ ಪುಟಾಮೆನ್ ಭಾಗಕ್ಕೆ ನಿಧಾನವಾಗಿ ಹರಿಸುತ್ತಾರೆ. ಎಎಡಿಸಿ ಜೀನ್ ಆದರೆ ಮಾತ್ರೆಯಲ್ಲಿರುವ ಲೆವೊಡೋಪಾವನ್ನು ಡೋಪಮೈನ್ (ಚಲನೆಗೆ ಬೇಕಾದ, ಈ ಕಾಯಿಲೆಯಲ್ಲಿ ಕಡಿಮೆಯಾಗುವ ಮೆದುಳಿನ ರಾಸಾಯನಿಕ) ಮಾಡುವ ಕಿಣ್ವ ಹೆಚ್ಚುತ್ತದೆ. ಹಾಗಾಗಿ ಮಾತ್ರೆ ಪೂರ್ತಿ ತಪ್ಪುವುದಿಲ್ಲ. ಜಿಡಿಎನ್‌ಎಫ್ ಎಂಬ ಇನ್ನೊಂದು ಜೀನ್ ಆದರೆ ಉಳಿದಿರುವ ನರಕೋಶಗಳಿಗೆ ಪೋಷಣೆ ಸಿಗಲಿ ಎಂಬ ಉದ್ದೇಶ. ಮೊದಲಿನ ಪ್ರಯೋಗಗಳಲ್ಲಿ ದ್ರವ ಪುಟಾಮೆನ್ನಿನ ಸ್ವಲ್ಪ ಜಾಗಕ್ಕಷ್ಟೇ ಹರಡುತ್ತಿತ್ತು, ಅದೇ ದೊಡ್ಡ ತೊಡಕು. ಒಮ್ಮೆ ಹಾಕಿದ್ದನ್ನು ವಾಪಸ್ ತೆಗೆಯಲೂ ಆಗದು.

ಈಗ ಮೂರು ದಿನ, ಎಚ್ಚರವಿದ್ದಾಗ ಅರ್ಧ ಗಂಟೆಗೊಮ್ಮೆ ಕೈಕಾಲು ಸಡಿಲವೋ ಬಿಗಿಯೋ, ತಾನಾಗಿ ಕುಣಿಯುತ್ತವೆಯೋ, ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ, ಬರೆದಿಡಿ. ಲೆವೊಡೋಪಾ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ. ಮೀನುಸಾರು, ಕಾಳುಪಲ್ಯದ ಪ್ರೊಟೀನ್ ಅದರ ಹೀರಿಕೆಗೆ ಅಡ್ಡ ಬರುತ್ತದೆ. ಮಾತ್ರೆ ಮಾತ್ರ ದಿಢೀರ್ ನಿಲ್ಲಿಸಬೇಡಿ, ಅಪಾಯ. ಆ ಪಟ್ಟಿ ಹಿಡಿದು ಶಿವಮೊಗ್ಗದಲ್ಲಿ ನರರೋಗ ತಜ್ಞರನ್ನು ಕಾಣಿ. ಡೋಸ್ ಹೊಂದಿಸಿಯೂ ಸಾಲದಿದ್ದರೆ, ಮೆದುಳಿಗೆ ತೆಳು ತಂತಿ ಇಳಿಸಿ ಸಣ್ಣ ವಿದ್ಯುತ್ ಮಿಡಿತ ಕೊಡುವ ಡಿಬಿಎಸ್ ಶಸ್ತ್ರಚಿಕಿತ್ಸೆ ಹೊಂದುತ್ತದಾ ಅಂತ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಚಾರಿಸಿ.