ಫೋನ್ ಮಾಡಿದರೆ, ಸಹಿ ಹಾಕಿಸಿದರೆ ಏನಾದರೂ ಆಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಅಮೆರಿಕಕ್ಕೆ ಬಂದು ಎರಡು ವರ್ಷ ಆಗಿದೆ. ಮನೆ ಹತ್ತಿರದ ಕಮ್ಯುನಿಟಿ ಕ್ಲಿನಿಕ್‌ನವರು ಮೆಡಿಕೈಡ್ (ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಉಳಿಸಬೇಕು ಅಂತ ಜನ ಸೇರಿಸುತ್ತಿದ್ದಾರೆ, ನಿಮ್ಮನ್ನೂ ಕರೆದಿದ್ದಾರೆ. ಇಷ್ಟೊಂದು ದುಡ್ಡು ಓಡಾಡುವ ಕಡೆ ನಮ್ಮಂಥವರು ಜನಪ್ರತಿನಿಧಿಗಳಿಗೆ ನಾಲ್ಕು ಫೋನ್ ಮಾಡಿದರೆ, ಮನವಿಗೆ ಜನರ ಸಹಿ ಹಾಕಿಸಿದರೆ ಏನಾದರೂ ಆಗುತ್ತಾ, ಅಥವಾ ಸುಮ್ನೆ ಟೈಮ್ ವೇಸ್ಟಾ?

ಫೋನ್ ಮೇಲೆ ನನಗೆ ಅರ್ಧ ನಂಬಿಕೆ. ಸಹಿ ಮೇಲೆ ಪೂರ್ತಿ. ಇವೆರಡಕ್ಕಿಂತ ಜಾಸ್ತಿ ನಂಬಿಕೆ ಇರುವುದು ಕ್ಲಿನಿಕ್‌ನಲ್ಲಿ ಇನ್ಶೂರೆನ್ಸ್ ಅರ್ಜಿ ತುಂಬಿಸುವ ಟೇಬಲ್ ಮೇಲೆ. ನಾನಿರುವುದು ಮಿಸ್ಸೋರಿಯ ಸೇಂಟ್ ಲೂಯಿಸ್‌ನಲ್ಲಿ. ಮೂರನ್ನೂ ಮಾಡಿ ನೋಡಿದ್ದೇನೆ.

ನಾನು ಇದಕ್ಕೆ ಬಿದ್ದದ್ದು ಸಮಾಜಸೇವೆಯ ಹುಚ್ಚಿನಿಂದ ಅಲ್ಲ, ಹಲ್ಲು ನೋವಿನಿಂದ. 2011ರಲ್ಲಿ ಕೆಲಸ ಹೋಯಿತು. ಗ್ರೀನ್ ಕಾರ್ಡ್ ಬಂದಿತ್ತು, ಹಾಗಾಗಿ ಗಂಟುಮೂಟೆ ಕಟ್ಟುವ ಪ್ರಸಂಗ ಬರಲಿಲ್ಲ. ಆದರೆ ಕೆಲಸದ ಹಿಂದೆಯೇ ಇನ್ಶೂರೆನ್ಸೂ ಹೋಯಿತು. ಸರಿಯಾಗಿ ಮೂರನೇ ತಿಂಗಳಿಗೆ ದವಡೆ ಊದಿಕೊಂಡಿತು. ಗೊತ್ತಿದ್ದವರೊಬ್ಬರು ಕಮ್ಯುನಿಟಿ ಕ್ಲಿನಿಕ್‌ಗೆ ಹೋಗು ಅಂದರು. ಕೌಂಟರ್‌ನಲ್ಲಿದ್ದ ಹೆಂಗಸು ಕೇಳಿದ್ದು ಎರಡೇ ಪ್ರಶ್ನೆ: ಮನೆಯಲ್ಲಿ ಎಷ್ಟು ಜನ, ತಿಂಗಳ ಆದಾಯ ಎಷ್ಟು. ಆದಾಯ ಸೊನ್ನೆ ಅಂತ ಹೇಳಲು ನಾಚಿಕೆಯಾಯಿತು. ಅವರು ಮುಖ ಕೂಡ ಎತ್ತದೆ ಬರೆದುಕೊಂಡರು. 30 ಡಾಲರ್ ಕೊಟ್ಟೆ. ಹಲ್ಲು ಕೀಳಿಸಿಕೊಂಡು ಬಂದೆ.

ಈ ಕ್ಲಿನಿಕ್‌ಗಳು ಹುಟ್ಟಿದ್ದೇ ಒಂದು ಕಥೆ. 1965ರಲ್ಲಿ ಜ್ಯಾಕ್ ಗೈಗರ್ ಮತ್ತು ಕೌಂಟ್ ಗಿಬ್ಸನ್ ಎಂಬ ಇಬ್ಬರು ಡಾಕ್ಟರುಗಳು ಬೋಸ್ಟನ್ನಿನ ಕೊಲಂಬಿಯಾ ಪಾಯಿಂಟ್‌ನಲ್ಲಿ ಮೊದಲನೆಯದನ್ನು ತೆರೆದರು. (ಕೌಂಟ್ ಅನ್ನುವುದು ಅವರ ಹೆಸರೇ, ಬಿರುದಲ್ಲ. ನಾನೂ ಮೊದಲು ಯಾರೋ ಯುರೋಪಿನ ಜಮೀನ್ದಾರ ಅಂದುಕೊಂಡಿದ್ದೆ.) ಆಮೇಲೆ ಮಿಸ್ಸಿಸಿಪ್ಪಿಯ ಮೌಂಡ್ ಬೈಯೂನಲ್ಲಿ ಇನ್ನೊಂದು ಶುರುವಾಯಿತು. ಅಲ್ಲಿ ಮಕ್ಕಳು ಹೊಟ್ಟೆಗಿಲ್ಲದೆ ಸೊರಗುತ್ತಿದ್ದವು. ಡಾಕ್ಟರುಗಳು ಔಷಧಿ ಚೀಟಿಯಲ್ಲಿ ಹಾಲು, ತರಕಾರಿ, ಮಾಂಸ ಅಂತ ಬರೆಯತೊಡಗಿದರು. ಅಂಗಡಿಯವನು ಸಾಮಾನು ಕೊಟ್ಟು ಬಿಲ್ಲನ್ನು ಕ್ಲಿನಿಕ್‌ಗೆ ಕಳಿಸುತ್ತಿದ್ದ. ಔಷಧಿಗೆ ಅಂತ ಕೊಟ್ಟ ದುಡ್ಡಲ್ಲಿ ದಿನಸಿ ಯಾಕೆ ಅಂತ ವಾಷಿಂಗ್ಟನ್ನಿನಿಂದ ತಕರಾರು ಬಂತು. ಹಸಿವಿನ ಕಾಯಿಲೆಗೆ ವೈದ್ಯ ಪುಸ್ತಕದಲ್ಲಿ ಇರುವ ಔಷಧಿ ಊಟವೇ ಅಂತ ಗೈಗರ್ ಉತ್ತರ ಕೊಟ್ಟರು. ಈಗ ದೇಶದಲ್ಲಿ ಇಂಥ ಸುಮಾರು 1,400 ಸಂಸ್ಥೆಗಳಿವೆ. ವರ್ಷಕ್ಕೆ 3 ಕೋಟಿಗೂ ಹೆಚ್ಚು ಜನ ಅಲ್ಲಿ ತೋರಿಸಿಕೊಳ್ಳುತ್ತಾರೆ.

ಅವುಗಳಿಗೆ ಒಂದು ವಿಚಿತ್ರ ನಿಯಮ ಇದೆ, ನಿಮಗೆ ಅದು ಗೊತ್ತಿರಬೇಕು. ಕೇಂದ್ರದ ಅನುದಾನ ಪಡೆಯುವ ಕ್ಲಿನಿಕ್‌ನ ಬೋರ್ಡಿನಲ್ಲಿ ಕಡಿಮೆ ಅಂದರೂ 51% ಜನ ಅಲ್ಲಿಯೇ ಚಿಕಿತ್ಸೆ ಪಡೆಯುವವರಾಗಿರಬೇಕು. ಬಜೆಟ್ಟು, ತೆರೆದಿರುವ ಸಮಯ, ಡೈರೆಕ್ಟರ್ ಯಾರು ಅನ್ನುವುದೆಲ್ಲ ಈ ಬೋರ್ಡಿನ ಕೈಯಲ್ಲಿ. 2015ರಲ್ಲಿ ನನ್ನನ್ನೂ ಸೇರಿಸಿಕೊಂಡರು. ನನ್ನ ಎರಡನೇ ಮೀಟಿಂಗ್‌ನಲ್ಲೇ ಗುರುವಾರದ ಸಂಜೆ ಪಾಳಿ ನಿಲ್ಲಿಸುವ ಪ್ರಸ್ತಾಪ ಬಂತು. ಖರ್ಚು ಜಾಸ್ತಿ, ರೋಗಿಗಳು ಕಡಿಮೆ. ಲೆಕ್ಕ ನೋಡಿದರೆ ಸರಿಯಾಗಿಯೇ ಇತ್ತು, ನಾನೂ ತಲೆಯಾಡಿಸಿದೆ. ಪಕ್ಕದಲ್ಲಿ ಗೋದಾಮಿನಲ್ಲಿ ಕೆಲಸ ಮಾಡುವ ಒಬ್ಬರಿದ್ದರು. ಅವರು ಲೆಕ್ಕದ ಹಾಳೆ ಪಕ್ಕಕ್ಕಿಟ್ಟು ಕೇಳಿದರು: ಹಗಲು ಬಂದರೆ ನನಗೆ ನಾಲ್ಕು ಗಂಟೆ ಕೂಲಿ ಹೋಗುತ್ತೆ, ಅದನ್ನು ಯಾವ ಕಾಲಂನಲ್ಲಿ ಬರೆದಿದ್ದೀರಿ? ಗುರುವಾರದ ಪಾಳಿ ಉಳಿಯಿತು.

ಇನ್ನು ಟೇಬಲ್ಲಿನ ವಿಷಯ. ಒಬಾಮಾ 2010ರ ಮಾರ್ಚ್ 23ರಂದು ಸಹಿ ಹಾಕಿದ ಕಾನೂನು ಬಡವರಿಗೆ ಮೆಡಿಕೈಡ್, ಅದಕ್ಕಿಂತ ಸ್ವಲ್ಪ ಮೇಲಿನವರಿಗೆ ಸಬ್ಸಿಡಿ ಕೊಟ್ಟು ಇನ್ಶೂರೆನ್ಸ್ ಅಂತ ಹೇಳಿತ್ತು. ಕ್ಲಿನಿಕ್‌ಗಳಿಗೂ ಐದು ವರ್ಷಕ್ಕೆ 1,100 ಕೋಟಿ ಡಾಲರ್ ಇಟ್ಟಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್, ಮೆಡಿಕೈಡ್ ವಿಸ್ತರಿಸಬೇಕೋ ಬೇಡವೋ ಅನ್ನುವುದು ರಾಜ್ಯಗಳಿಗೆ ಬಿಟ್ಟದ್ದು ಅಂದುಬಿಟ್ಟಿತು. ಮಿಸ್ಸೋರಿ ಬೇಡ ಅಂದಿತು. ಇದರಿಂದ ಏನಾಯಿತು ಅಂತ ನಾನು ಕಣ್ಣಾರೆ ನೋಡಿದೆ. 2013ರ ಕೊನೆಗೆ ಅರ್ಜಿ ತುಂಬಿಸುವ ಟ್ರೈನಿಂಗ್ ತಗೊಂಡು ಕ್ಲಿನಿಕ್‌ನಲ್ಲಿ ಕೂರುತ್ತಿದ್ದೆ. ವೆಬ್‌ಸೈಟ್ ಅಂತೂ ಶುರುವಿನಲ್ಲಿ ಮೂರು ಹೊತ್ತೂ ಕೆಟ್ಟುಕೊಂಡೇ ಇರುತ್ತಿತ್ತು, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಒಬ್ಬ ಹೆಂಗಸು ಬಂದರು. ರಾತ್ರಿ ಆಫೀಸುಗಳನ್ನು ಗುಡಿಸಿ ಒರೆಸುವ ಕೆಲಸ. ವರ್ಷಕ್ಕೆ 9,000 ಡಾಲರ್ ಚಿಲ್ಲರೆ. ಒಬ್ಬರೇ. ಎಲ್ಲ ತುಂಬಿಸಿ ಕೊನೆಯ ಬಟನ್ ಒತ್ತಿದೆ. ಸಬ್ಸಿಡಿ ಇಲ್ಲ ಅಂತ ಬಂತು. ಆಗ ಒಬ್ಬರಿಗೆ ಬಡತನದ ರೇಖೆ 11,490 ಡಾಲರ್. ಅದಕ್ಕಿಂತ ಕಡಿಮೆ ಇದ್ದವರು ಹೇಗೂ ಮೆಡಿಕೈಡ್‌ಗೆ ಹೋಗುತ್ತಾರೆ ಅಂತ ಕಾನೂನು ಬರೆದವರು ಅಂದುಕೊಂಡಿದ್ದರು. ನಮ್ಮ ರಾಜ್ಯದಲ್ಲಿ ಮಕ್ಕಳಿಲ್ಲದ, ಅಂಗವಿಕಲತೆ ಇಲ್ಲದ ದೊಡ್ಡವರಿಗೆ ಮೆಡಿಕೈಡೇ ಇರಲಿಲ್ಲ. ಆಕೆ ಪರದೆಯನ್ನು ಎರಡು ಸಲ ಓದಿದರು. "ಅಂದರೆ ನಾನು ಇನ್ನೂ ಸ್ವಲ್ಪ ಜಾಸ್ತಿ ದುಡಿದಿದ್ದರೆ ಕಡಿಮೆಗೆ ಸಿಗುತ್ತಿತ್ತಾ?" ಹೌದು ಅಂದೆ. ಆಕೆ ನಕ್ಕರು. ನನಗೆ ನಗು ಬರಲಿಲ್ಲ. ಅವತ್ತು ಹಾಗೆ ವಾಪಸ್ ಹೋದದ್ದು ಅವರೊಬ್ಬರೇ ಅಲ್ಲ.

ಫೋನ್ ಕಥೆ 2017ರದು. ಒಬಾಮಾರ ಆ ಕಾನೂನನ್ನು ಕಿತ್ತುಹಾಕಲು ರಿಪಬ್ಲಿಕನ್ನರ ಬಹುಮತವಿದ್ದ ಸೆನೆಟ್ ಹೊರಟಿತ್ತು. ಅಷ್ಟರಲ್ಲಿ ನಾನು ಸಿಟಿಜನ್ ಆಗಿದ್ದೆ, ಉತ್ಸಾಹ ಜಾಸ್ತಿ. ದಿನಾ ಸೆನೆಟರ್ ಆಫೀಸಿಗೆ ಫೋನ್ ಮಾಡುತ್ತಿದ್ದೆ. ಯಾರೋ ಬರೆದುಕೊಟ್ಟದ್ದನ್ನು ಓದಿದರೆ ಆ ಕಡೆಯ ಹುಡುಗ ಜಿಪ್ ಕೋಡ್ ಕೇಳಿ ಥ್ಯಾಂಕ್ಸ್ ಹೇಳಿ ಇಡುತ್ತಿದ್ದ. ನಮ್ಮ ಬೋರ್ಡಿನ ಬಸ್ ಡ್ರೈವರೊಬ್ಬರು ನನ್ನ ಪಕ್ಕದಲ್ಲೇ ಕೂತು ಫೋನ್ ಮಾಡಿದರು. ತಮ್ಮ ಇನ್ಸುಲಿನ್‌ಗೆ ಆಗುವ ಖರ್ಚು, ಒಂದು ತಿಂಗಳು ಅರ್ಧ ಡೋಸ್ ತಗೊಂಡು ಆಸ್ಪತ್ರೆ ಸೇರಿದ್ದು, ಇಷ್ಟನ್ನೇ ಹೇಳಿದರು. ಆ ಹುಡುಗ ಎರಡು ಪ್ರಶ್ನೆ ಕೇಳಿದ, ಹೆಸರು ಬರೆದುಕೊಂಡ. ಅವತ್ತಿಂದ ನಾನು ಓದುವುದು ಬಿಟ್ಟು ನನ್ನ ಹಲ್ಲಿನ ಕಥೆ ಹೇಳತೊಡಗಿದೆ.

ಜುಲೈ 28ರ ನಡುರಾತ್ರಿ ದಾಟಿದ ಮೇಲೆ ಮತದಾನ. ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿದ್ದನ್ನು ನೀವೂ ನೋಡಿರಬಹುದು. 49 ಪರ, 51 ವಿರೋಧ, ಮಸೂದೆ ಬಿತ್ತು. ನಮ್ಮ ಫೋನಿನಿಂದ ಬಿತ್ತಾ? ನಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳು ಮೊದಲೇ ಎಲ್ಲರೂ ಊಹಿಸಿದ ಹಾಗೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಹಾಕಿದರು. ಅದಕ್ಕೇ ಅರ್ಧ ನಂಬಿಕೆ ಅಂದೆ. ಆದರೆ ಆ ಬೇಸಿಗೆ ಪೂರ್ತಿ ಊರೂರಿನ ಸಭೆಗಳಲ್ಲಿ ಜನ ತಮ್ಮ ಕಾಯಿಲೆ ಹೇಳಿಕೊಂಡರು. ಅಡಾಪ್ಟ್ ಅನ್ನುವ ಅಂಗವಿಕಲರ ಸಂಘಟನೆಯವರು ವೀಲ್‌ಚೇರ್‌ನಲ್ಲೇ ಸೆನೆಟ್ ನಾಯಕ ಮಿಚ್ ಮೆಕಾನೆಲ್ ಆಫೀಸಿನ ಮುಂದೆ ಕೂತು, 40ಕ್ಕೂ ಹೆಚ್ಚು ಜನ ಅರೆಸ್ಟ್ ಆದರು. ಇದೆಲ್ಲ ಇರದಿದ್ದರೆ ಮೂವರು ರಿಪಬ್ಲಿಕನ್ನರಿಗೆ ತಮ್ಮ ಪಕ್ಷವನ್ನು ಎದುರು ಹಾಕಿಕೊಳ್ಳುವ ಧೈರ್ಯ ಬರುತ್ತಿತ್ತಾ? ನನಗೆ ಅನುಮಾನ.

ನಾವು ಗೆದ್ದ ಖುಷಿಯಲ್ಲಿದ್ದಾಗಲೇ ಇನ್ನೊಂದು ಕಡೆ ಪೆಟ್ಟು ಬಿತ್ತು. ಒಬಾಮಾ ಕಾನೂನು ಕ್ಲಿನಿಕ್‌ಗಳಿಗೆ ಇಟ್ಟಿದ್ದ ಆ ವಿಶೇಷ ನಿಧಿಯ ಮುಂದುವರಿಸಿದ್ದ ಅವಧಿಯೂ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಕ್ಲಿನಿಕ್‌ಗಳಿಗೆ ಬರುವ ಕೇಂದ್ರ ಅನುದಾನದಲ್ಲಿ ಸುಮಾರು 70% ಅದೇ. ಟಿವಿಯಲ್ಲಿ ಅದರ ಸುದ್ದಿಯೇ ಹೆಚ್ಚು ಬರಲಿಲ್ಲ. ಕಾಂಗ್ರೆಸ್ (ಇಲ್ಲಿನ ಸಂಸತ್ತು) ಮತ್ತೆ ದುಡ್ಡು ಕೊಟ್ಟದ್ದು ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ನಮ್ಮಲ್ಲಿ ಹೊಸ ಹಲ್ಲಿನ ಡಾಕ್ಟರನ್ನು ಸೇರಿಸಿಕೊಳ್ಳುವುದನ್ನು ಮುಂದಕ್ಕೆ ಹಾಕಿ ಕೂತಿದ್ದೆವು. ದೊಡ್ಡ ಜಗಳ ನಡೆಯುವಾಗ ಇಂಥ ದಿನಾಂಕಗಳ ಮೇಲೂ ಒಂದು ಕಣ್ಣಿಡಿ.

ಸಹಿ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ. 2017ರ ನವೆಂಬರ್‌ನಲ್ಲಿ ಮೇನ್ ರಾಜ್ಯದ ಮತದಾರರು ನೇರವಾಗಿ ಮತ ಹಾಕಿ ಮೆಡಿಕೈಡ್ ವಿಸ್ತರಿಸಿದರು. ಶಾಸಕರು ಮಾಡದಿದ್ದರೆ ಜನರೇ ಮಾಡಬಹುದು ಅಂತ ಆಗ ಎಲ್ಲರಿಗೂ ಹೊಳೆಯಿತು. ಮಿಸ್ಸೋರಿಯಲ್ಲಿ ಇದಕ್ಕಾಗಿ ರಾಜ್ಯದ ಸಂವಿಧಾನ ತಿದ್ದುಪಡಿಯನ್ನು ಮತಕ್ಕೆ ಹಾಕಲು ಸುಮಾರು 1,72,000 ಸಹಿ ಬೇಕಿತ್ತು, ಅದೂ ಎಂಟರಲ್ಲಿ ಆರು ಕಾಂಗ್ರೆಸ್ ಕ್ಷೇತ್ರಗಳಿಂದ.

ನಾನು ಮಾಡಿದ ಮೊದಲ ತಪ್ಪು, ಸಹಿ ಹಾಕಿಸುವ ಹಾಳೆಗಳನ್ನು ಕ್ಲಿನಿಕ್‌ನ ಕೌಂಟರ್ ಮೇಲೆ ಇಟ್ಟದ್ದು. ಡೈರೆಕ್ಟರ್ ಓಡಿ ಬಂದು ತೆಗೆಸಿದರು. ಕೇಂದ್ರದ ಅನುದಾನದ ದುಡ್ಡನ್ನು, ಅದರಲ್ಲಿ ಸಂಬಳ ಪಡೆಯುವವರ ಡ್ಯೂಟಿ ಸಮಯವನ್ನು ಇಂಥದಕ್ಕೆ ಬಳಸುವ ಹಾಗಿಲ್ಲ. ನಮ್ಮ ಸ್ವಂತ ಸಮಯದಲ್ಲಿ, ಹೊರಗಿನ ಫುಟ್‌ಪಾತ್‌ನಲ್ಲಿ ನಿಂತರೆ ಯಾರದೂ ಅಡ್ಡಿ ಇಲ್ಲ. ನಿಂತೆವು.

ಎರಡನೇ ತಲೆನೋವು ಕೌಂಟಿಯದು (ನಮ್ಮ ಜಿಲ್ಲೆ ಇದ್ದ ಹಾಗೆ). ಒಂದೊಂದು ಕೌಂಟಿಯ ಮತದಾರರಿಗೂ ಬೇರೆ ಬೇರೆ ಹಾಳೆ. ಇಲ್ಲಿ ಸೇಂಟ್ ಲೂಯಿಸ್ ಸಿಟಿ ಬೇರೆ, ಸೇಂಟ್ ಲೂಯಿಸ್ ಕೌಂಟಿ ಬೇರೆ. ಸಿಟಿ ಯಾವ ಕೌಂಟಿಗೂ ಸೇರಿಲ್ಲ. ಎಲ್ಲಿರುತ್ತೀರಿ ಅಂದರೆ ಎಲ್ಲರೂ ಸೇಂಟ್ ಲೂಯಿಸ್ ಅನ್ನುತ್ತಾರೆ! ಮೊದಲ ಶನಿವಾರ ಬೇಕಾದಷ್ಟು ಜನರಿಗೆ ತಪ್ಪು ಹಾಳೆ ಕೊಟ್ಟೆ. ಆಮೇಲೆ ಒಬ್ಬ ಅಜ್ಜಿ ಉಪಾಯ ಹೇಳಿಕೊಟ್ಟರು: ಊರು ಕೇಳಬೇಡ, ಮತ ಹಾಕಲು ಯಾವ ಶಾಲೆಗೋ ಚರ್ಚಿಗೋ ಹೋಗುತ್ತೀರಿ ಅಂತ ಕೇಳು. ಅದು ಕೆಲಸ ಮಾಡಿತು. ಸಂಜೆ ನೋಟರಿ ಮುಂದೆ ಕೂತು ಒಂದೊಂದೇ ಹಾಳೆಗೆ ನಾನೂ ಸಹಿ ಹಾಕಬೇಕಿತ್ತು.

2020ರ ಮಾರ್ಚ್‌ಗೆ ಕೋವಿಡ್ ಬಂದು ಬೀದಿಗಿಳಿಯುವುದೇ ನಿಂತಿತು. ಪುಣ್ಯಕ್ಕೆ ಅಷ್ಟರಲ್ಲಿ ಬೇಕಾದಷ್ಟು ಆಗಿತ್ತು. ಮೇ ತಿಂಗಳಲ್ಲಿ ಒಪ್ಪಿಸಿದ್ದು 3,46,000 ಸಹಿ. ಆಗಸ್ಟ್ 4ರಂದು ಮತದಾನ. ಹಳ್ಳಿಗಾಡಿನ ಹೆಚ್ಚಿನ ಕೌಂಟಿಗಳು ಬೇಡ ಅಂದವು, ಆದರೂ 53% ಬಂದು ಪಾಸಾಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಮರುವರ್ಷ ಶಾಸನಸಭೆ ದುಡ್ಡೇ ಇಡಲಿಲ್ಲ. ಕೆಳಗಿನ ಕೋರ್ಟು ತಿದ್ದುಪಡಿಯೇ ಸಿಂಧುವಲ್ಲ ಅಂದಿತು. 2021ರ ಜುಲೈನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಒಮ್ಮತದಿಂದ ಆ ತೀರ್ಪನ್ನು ತಳ್ಳಿಹಾಕಿತು. ಅಕ್ಟೋಬರ್‌ನಲ್ಲಿ ಮೆಡಿಕೈಡ್ ಅರ್ಜಿಗಳ ವಿಲೇವಾರಿ ಶುರು. 45 ದಿನದಲ್ಲಿ ವಿಲೇವಾರಿ ಆಗಬೇಕಾದ ಅರ್ಜಿಗಳು ತಿಂಗಳುಗಟ್ಟಲೆ ಕೊಳೆತವು. ಆಗ ಮತ್ತೆ ಅದೇ ಟೇಬಲ್. ಹಳೇ ಫೈಲು ತೆಗೆದು, ಎಂಟು ವರ್ಷದ ಹಿಂದೆ ಬರಿಗೈಲಿ ಹೋದವರಿಗೆಲ್ಲ ಫೋನ್ ಮಾಡಿದೆವು. ಅರ್ಧ ನಂಬರ್ ಚಾಲ್ತಿಯಲ್ಲಿರಲಿಲ್ಲ. ಆಫೀಸು ಒರೆಸುತ್ತಿದ್ದ ಆ ಹೆಂಗಸು ಸಿಗಲಿಲ್ಲ. ಸಿಕ್ಕವರಲ್ಲಿ ಒಬ್ಬರು, "ಮತ್ತೆ ಇಲ್ಲ ಅಂತ ಹೇಳೋಕೆ ಕರೀತಿಲ್ಲ ತಾನೇ?" ಅಂತ ಕೇಳಿದರು.

ನಿಮ್ಮ ಬಗ್ಗೆ ಒಂದು ಎಚ್ಚರಿಕೆ. ನೀವಿನ್ನೂ ಸಿಟಿಜನ್ ಅಲ್ಲ. ಫೋನ್ ಮಾಡಬಹುದು, ಸಭೆಯಲ್ಲಿ ಮಾತಾಡಬಹುದು. ಆದರೆ ತಿದ್ದುಪಡಿಯನ್ನು ಮತಕ್ಕೆ ಹಾಕಿಸುವ ಇಂಥ ಹಾಳೆಗೆ ಸಹಿ ಹಾಕಬೇಡಿ, ಅದು ನೋಂದಾಯಿತ ಮತದಾರರಿಗೆ ಮಾತ್ರ. ಯಾರಾದರೂ ವೋಟರ್ ಫಾರಂ ಕೈಗಿಟ್ಟರೂ ನಗುತ್ತಾ ವಾಪಸ್ ಕೊಡಿ. ಸಿಟಿಜನ್ ಅಂತ ತಪ್ಪಾಗಿ ಬರೆದದ್ದು ಇಮಿಗ್ರೇಷನ್‌ನಲ್ಲಿ ದೊಡ್ಡ ಗಂಡಾಂತರ.

ಹೋಗಿ ಅಂತಲೇ ಹೇಳುತ್ತೇನೆ. 2025ರ ಜುಲೈ 4ರಂದು ಸಹಿಯಾದ ಕೇಂದ್ರ ಕಾನೂನಿನ ಪ್ರಕಾರ, ವಿಸ್ತರಣೆಯಲ್ಲಿ ಮೆಡಿಕೈಡ್ ಪಡೆದ ಹೆಚ್ಚಿನವರು 2027ರ ಜನವರಿಯಿಂದ ತಿಂಗಳಿಗೆ 80 ಗಂಟೆ ದುಡಿದದ್ದಕ್ಕೋ, ಓದಿದ್ದಕ್ಕೋ, ಸಮಾಜಸೇವೆಗೋ ಲೆಕ್ಕ ತೋರಿಸಬೇಕು. ಆರ್ಕನ್ಸಾದಲ್ಲಿ 2018ರಲ್ಲೇ ಇದನ್ನು ಮಾಡಿ ನೋಡಿದ್ದರು. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನರ ವಿಮೆ ಹೋಯಿತು. ಅಲ್ಲಿ ಮೊದಲು ಆನ್‌ಲೈನ್‌ನಲ್ಲೇ ಲೆಕ್ಕ ಕೊಡಬೇಕಿತ್ತು. ಆ ವೆಬ್‌ಸೈಟ್ ರಾತ್ರಿ 9ರಿಂದ ಬೆಳಗ್ಗೆ 7ರವರೆಗೆ ಮುಚ್ಚಿರುತ್ತಿತ್ತು. ಹಗಲೆಲ್ಲ ದುಡಿಯುವವನು ತಾನು ದುಡಿದೆ ಅಂತ ಬರೆಯುವುದು ಯಾವಾಗ, ಹೇಳಿ?

ಆದ್ದರಿಂದ ಕ್ಲಿನಿಕ್‌ನವರಿಗೆ ಫೋನ್ ಮಾಡಿದಾಗ ಮೆರವಣಿಗೆ ಯಾವತ್ತು ಅಂತ ಕೇಳುವುದರ ಜೊತೆಗೆ ಫಾರಂ ತುಂಬಿಸುವ ಟ್ರೈನಿಂಗ್ ಯಾವತ್ತು ಅಂತಲೂ ಕೇಳಿ. ನಮ್ಮಲ್ಲಿ ಈಗಲೇ ಸಂಜೆ ಹೊತ್ತು ಜನ ಸಾಲುತ್ತಿಲ್ಲ, ಅದರಲ್ಲೂ ಗುರುವಾರ.