ಟೈಲ್ಸ್ ಕೂರಿಸುವ ಮುನ್ನ

ಪ್ರಶ್ನೆ: ಹೊಸ ಬಚ್ಚಲುಮನೆಯ ಷವರ್ ನಲ್ಲಿಯ ಬುಡದಲ್ಲಿ ಎರಡು ಸಲ ಟೇಪ್ ಸುತ್ತಿದರೂ ನೀರು ಜಿನುಗುತ್ತಿದೆ. ನಾಳೆ ಟೈಲ್ಸ್ ಕೆಲಸದವರು ಬರುತ್ತಾರೆ. ಏನು ಮಾಡಲಿ?
– ಗೃಹಿಣಿ, ಮಂಡ್ಯ

ಉತ್ತರ: ದಯವಿಟ್ಟು ಅವರನ್ನು ಎರಡು ದಿನ ತಡೆಯಿರಿ, ತಾಯಿ. ಮೈಸೂರಿನ ನಮ್ಮ ಮನೆಯಲ್ಲಿ ಹೀಗೆಯೇ ಅವಸರ ಮಾಡಿ, ಪಕ್ಕದ ಕೋಣೆಯ ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿ, ಕೊನೆಗೆ 6 ಟೈಲ್ಸ್ ಒಡೆಸಬೇಕಾಯಿತು.

ಹಳೆಯ ಟೇಪಿನ ಮೇಲೆ ಹೊಸದನ್ನು ಸುತ್ತಬೇಡಿ. ನಲ್ಲಿ ಬಿಚ್ಚಿಸಿ, ಅದರ ಥ್ರೆಡ್ಡಿನ (ತಿರುಪಿನ ಸುತ್ತುಗಳ) ಸಂದುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒಣಗಿಸಿ. ನಲ್ಲಿಯ ಥ್ರೆಡ್ ಇರುವ ತುದಿ ನಿಮ್ಮ ಕಡೆಗಿರಲಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೆಫ್ಲಾನ್ ಟೇಪನ್ನು ಎಳೆದೆಳೆದು ಸುತ್ತಿ. ದಿಕ್ಕು ತಪ್ಪಿದರೆ ಬಿಗಿಯುವಾಗ ಟೇಪ್ ಮುದುಡಿ ಹೊರಬರುತ್ತದೆ. ಗೋಡೆಯೊಳಗಿನ ಎಲ್ಬೋ (ನಲ್ಲಿ ಕೂರುವ ಬಾಗಿದ ಪೈಪ್ ಜೋಡಣೆ) ಪೂರ್ತಿ ಪ್ಲಾಸ್ಟಿಕ್ಕಿನದಾದರೆ ಈಗಲೇ ಹಿತ್ತಾಳೆ ಥ್ರೆಡ್ಡಿನದನ್ನು ಹಾಕಿಸಿ. ಆಮೇಲೆ ಟ್ಯಾಂಕ್ ತುಂಬಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಜೋಡಣೆಗೆ ಒಣ ಕಾಗದ ಒತ್ತಿ ನೋಡಿ.