ಸೀಳುನಾಯಿ ಮೇಲೆ ಯಾಕಿಷ್ಟು ಸಿಟ್ಟು, ಮೇಷ್ಟ್ರೇ?

ಪತ್ರ: ಕಳೆದ ಸಂಚಿಕೆಯಲ್ಲಿ ಸೀಳುನಾಯಿಗಳು ಜಿಂಕೆ ತಿನ್ನುವ ಚಿತ್ರ ಹಾಕಿದ್ದೀರಿ. ನೋಡಿ ಊಟ ಸೇರಲಿಲ್ಲ. ಹುಲಿಯಂಥ ಪ್ರಾಣಿ ಮುದಿಯಾದದ್ದನ್ನು, ರೋಗ ಬಂದದ್ದನ್ನು ಮಾತ್ರ ಹಿಡಿಯುತ್ತದೆ, ಅದರಿಂದ ಕಾಡು ಚೊಕ್ಕವಾಗಿರುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದವನು ನಾನು. ಈ ನಾಯಿಗಳು ಗಟ್ಟಿಮುಟ್ಟಾದ ಗಂಡು ಜಿಂಕೆಯನ್ನೇ ಜೀವಂತ ಹರಿದು ತಿನ್ನುತ್ತವೆ. ಇವನ್ನು ಹತೋಟಿಯಲ್ಲಿ ಇಡಬಾರದೇ?
— ನಿವೃತ್ತ ಶಿಕ್ಷಕರೊಬ್ಬರು, ತಿಪಟೂರು

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ದುಂಡನೆಯ ಅಕ್ಷರದ ಪತ್ರ ನೋಡಿ ಖುಷಿಯಾಯಿತು. ಬೇಡದ ಚಿತ್ರ ಬಂತೆಂದು ಪುಟ ತಿರುವಿ ಸುಮ್ಮನಾಗದೆ ಪ್ರಶ್ನೆ ಕೇಳಿದ್ದೀರಿ. ಆದರೆ ಕೊನೆಯ ಸಾಲು ಓದಿ ಬೇಜಾರೂ ಆಯಿತು. ಹತೋಟಿ ಎಂದರೆ ಕೊಲ್ಲುವುದು ತಾನೇ?

ನಿಮ್ಮ ಪಾಠ ಪೂರ್ತಿ ಸುಳ್ಳಲ್ಲ. ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಎಂಬ ದ್ವೀಪವಿದೆ. ಅಲ್ಲಿ ತೋಳಗಳನ್ನೂ ಮೂಸ್ ಎಂಬ ದೈತ್ಯ ಜಿಂಕೆಗಳನ್ನೂ 1958ರಿಂದ ಗಮನಿಸುತ್ತಾ ಬಂದಿದ್ದಾರೆ. ತೋಳಗಳಿಗೆ ಸಿಗುವುದು ಹೆಚ್ಚಾಗಿ ಮರಿಗಳು ಮತ್ತು ಕೀಲು ಸವೆದ ಮುದಿ ಮೂಸ್‌ಗಳು. ಆಫ್ರಿಕಾದ ಸೆರೆಂಗೆಟಿ ಹುಲ್ಲುಗಾವಲಿನಲ್ಲಿ ಗಸೆಲ್ ಎಂಬ ಹುಲ್ಲೆಗಳು ಕಾಡುನಾಯಿಗಳನ್ನು ಕಂಡರೆ ನಾಲ್ಕೂ ಕಾಲು ನೆಟ್ಟಗೆ ಮಾಡಿಕೊಂಡು ಪುಟಪುಟ ಹಾರುತ್ತವೆ. ‘ನನ್ನ ಕಾಲಲ್ಲಿ ಕಸುವಿದೆ, ಬೆನ್ನಟ್ಟಿ ಪ್ರಯೋಜನವಿಲ್ಲ’ ಎಂದು ಹೇಳುವ ರೀತಿ ಅದು. ನಾಯಿಗಳು ಕಡಿಮೆ ಹಾರುವ ಹುಲ್ಲೆಯ ಹಿಂದೆ ಬೀಳುವುದೇ ಜಾಸ್ತಿ ಎಂದು 1988ರಲ್ಲೇ ಸಂಶೋಧಕರು ಬರೆದಿದ್ದಾರೆ. ಅಷ್ಟರ ಮಟ್ಟಿಗೆ ನೀವು ಸರಿ.

ಈಗ ನಮ್ಮ ನಾಗರಹೊಳೆಗೆ ಬನ್ನಿ. ಇಲ್ಲಿ ಹುಲಿ, ಚಿರತೆ, ಸೀಳುನಾಯಿ ಒಂದೇ ಕಾಡಿನಲ್ಲಿ ಬೇಟೆಯಾಡುತ್ತವೆ. ಯಾವುದು ಏನನ್ನು ತಿನ್ನುತ್ತದೆ ಎಂದು ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ವರ್ಷಗಟ್ಟಲೆ ಹುಡುಕಿ 1995ರಲ್ಲಿ ಪ್ರಕಟಿಸಿದರು. ಮಲದಲ್ಲಿ ಸಿಕ್ಕ ಕೂದಲು ನೋಡಿದರು, ತಿಂದುಳಿದ ಬೇಟೆಗಳನ್ನು ಪರೀಕ್ಷಿಸಿದರು. ಹುಲಿ ಹಿಡಿದ ಪ್ರಾಣಿಗಳ ಸರಾಸರಿ ತೂಕ ಸುಮಾರು 92 ಕಿಲೋ. ಸೀಳುನಾಯಿಯದು 43, ಚಿರತೆಯದು 38. ಮುಖ್ಯ ವಿಷಯ ಇನ್ನು ಮುಂದಿದೆ. ಜಿಂಕೆ, ಕಡವೆ, ಕಾಡುಹಂದಿಗಳಲ್ಲಿ ಹುಲಿಗೆ ಹೆಚ್ಚು ಸಿಕ್ಕಿದ್ದು ಬೆಳೆದ ಗಂಡುಗಳು! ಕಾಟಿಗಳಲ್ಲಿ (ಕಾಡುಕೋಣಗಳಲ್ಲಿ) ಮಾತ್ರ ಎಳೆಯವು. ಸೀಳುನಾಯಿಯೂ ಬೆಳೆದ ಗಂಡು ಜಿಂಕೆಯನ್ನೇ ಜಾಸ್ತಿ ಹಿಡಿದಿತ್ತು. ಅಂದಮೇಲೆ ನೀವು ಹೊಗಳುವ ಹುಲಿ, ನೀವು ಬಯ್ಯುವ ನಾಯಿ, ಎರಡೂ ಮಾಡಿದ್ದು ಒಂದೇ ಕೆಲಸ. ನಿಮ್ಮ ಸಿಟ್ಟು ಒಂದರ ಮೇಲೆ ಮಾತ್ರ ಯಾಕೆ?

ಹುಲಿ ಹೊಂಚು ಹಾಕುವ ಪ್ರಾಣಿ. ಲಂಟಾನದ ಮರೆಯಲ್ಲಿ ಹತ್ತಿರಕ್ಕೆ ಸರಿದು ಒಮ್ಮೆಲೇ ನುಗ್ಗುತ್ತದೆ. ಅಷ್ಟರಲ್ಲಿ ಯಾವ ಜಿಂಕೆಗೆ ರೋಗವಿದೆ ಎಂದು ನೋಡಲು ಅದಕ್ಕೆ ಸಮಯವೆಲ್ಲಿ? ಯಾವುದು ಗಮನ ತಪ್ಪಿತೋ ಅದೇ ಊಟ. ಗಂಡು ಜಿಂಕೆಗಳು ಎಷ್ಟೋ ಹೊತ್ತು ಒಂಟಿಯಾಗಿ ತಿರುಗುತ್ತವೆ. ಹಿಂಡಿನ ಹತ್ತಾರು ಕಣ್ಣು, ಕಿವಿಗಳ ಕಾವಲು ಅವಕ್ಕಿಲ್ಲ. ಬೆದೆಯ ಕಾಲದಲ್ಲಿ ಒಂದರ ಮೇಲೊಂದು ಬಿದ್ದು ಕಾದಾಡಿ ಗಾಯವಾಗಿರುತ್ತದೆ, ದಣಿದಿರುತ್ತವೆ. ಪೊದೆಯಲ್ಲಿ ಓಡುವಾಗ ಆ ದೊಡ್ಡ ಕೊಂಬು ಬೇರೆ ಅಡ್ಡ. ಹೊರಗಿನಿಂದ ನಮಗೆ ಗಟ್ಟಿಮುಟ್ಟಾಗಿ ಕಾಣುವುದು ಬೇಟೆಗಾರನ ಕಣ್ಣಿಗೆ ಸುಲಭದ ತುತ್ತಾಗಿರಬಹುದು.

ಇನ್ನು ಕ್ರೌರ್ಯದ ಮಾತು. ಸೀಳುನಾಯಿಯ ತೂಕ ಹದಿನೈದು ಕಿಲೋ ಆಸುಪಾಸು. ತನಗಿಂತ ಎಷ್ಟೋ ಪಟ್ಟು ಭಾರದ ಪ್ರಾಣಿಯ ಗಂಟಲು ಹಿಡಿದು ಉಸಿರು ಕಟ್ಟಿಸುವ ದವಡೆ ಅದಕ್ಕಿಲ್ಲ. ಗುಂಪು ಕಟ್ಟಿ ಹರಿದೇ ಕೊಲ್ಲಬೇಕು. ಬೇಗ ಬೇಗ ತಿನ್ನಲೂಬೇಕು, ತಡ ಮಾಡಿದರೆ ಹುಲಿಯೋ ಚಿರತೆಯೋ ಬಂದು ಕಿತ್ತುಕೊಳ್ಳುತ್ತದೆ. 1970ರ ದಶಕದಲ್ಲಿ ಬಂಡೀಪುರದಲ್ಲಿ ಇವುಗಳ ಹಿಂದೆ ಕಾಲ್ನಡಿಗೆಯಲ್ಲಿ ಅಲೆದವರು ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್. ಆಮೇಲೆ ಇವನ್ನು ಹತ್ತಿರದಿಂದ ನೋಡಿದವರೆಲ್ಲ ಬೇಟೆಗಿಂತ ಸಂಸಾರದ ಬಗ್ಗೆಯೇ ಪ್ರೀತಿಯಿಂದ ಮಾತಾಡುತ್ತಾರೆ. ಬೇಟೆಗೆ ಹೋದವು ಮರಳಿ ಬಂದು, ತಿಂದದ್ದನ್ನು ಕಕ್ಕಿ ಗೂಡಿನ ಮರಿಗಳಿಗೆ ಉಣಿಸುತ್ತವೆ. ತಮ್ಮ ಹೊಟ್ಟೆಯಲ್ಲಿ ಹುಟ್ಟದ ಮರಿಗಳನ್ನೂ ಸಾಕುತ್ತವೆ.

ಒಮ್ಮೆ ಕಬಿನಿ ಹಿನ್ನೀರಿನ ದಂಡೆಯಲ್ಲಿ ಸೀಳುನಾಯಿಗಳು ಜಿಂಕೆಯೊಂದನ್ನು ನೀರಿಗೆ ಇಳಿಸಿ ಕಾಯುತ್ತಿದ್ದವು. ನಮ್ಮ ಜೀಪಿನಲ್ಲಿದ್ದವರು ಚಪ್ಪಾಳೆ ತಟ್ಟಿ ಕೂಗಿ ನಾಯಿಗಳನ್ನು ಓಡಿಸಿಬಿಟ್ಟರು. ಜಿಂಕೆ ಉಳಿಯಿತೆಂದು ಎಲ್ಲರಿಗೂ ಸಂತೋಷ. ಜೊತೆಗಿದ್ದ ಜೇನುಕುರುಬ ವಾಚರ್ ಮಾತ್ರ, “ಸಂಜೆ ಒಳಗೆ ಇನ್ನೊಂದು ಹೋಗ್ತದೆ ಸಾರ್, ಮರಿಗಳು ಕಾಯ್ತಿವೆ” ಎಂದರು. ಆ ಮಾತು ಜೀಪಿನಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಕಾಡು ನೋಡಲು ಹೋಗಿ ಅಲ್ಲೂ ಪಂಚಾಯ್ತಿಕೆ ಮಾಡುವ ಈ ಚಾಳಿ ನಮ್ಮನ್ನು ಬಿಡಲೇ ಇಲ್ಲ. ಬ್ರಿಟಿಷರ ಕಾಲದಲ್ಲಿ ಸೀಳುನಾಯಿ ಕೊಂದವರಿಗೆ ಇನಾಮು ಕೊಡುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬರುವ ತನಕ ಅದನ್ನು ಪೀಡೆ ಎಂದೇ ಹೊಡೆದರು. ಇವತ್ತು ಬಂದೂಕು ಕೆಳಗಿಟ್ಟಿದ್ದೇವೆ, ಮನಸ್ಸಿನ ಪಟ್ಟಿ ಮಾತ್ರ ಹಾಗೇ ಇದೆ: ಹುಲಿ ರಾಜ, ಸೀಳುನಾಯಿ ಕಟುಕ. ಇನ್ನೊಂದು ಕಡೆ, ‘ದುರ್ಬಲರು ಸಾಯುವುದು ಪ್ರಕೃತಿ ನಿಯಮ’ ಎಂದು ವೇದಿಕೆ ಮೇಲೆ ನಿಂತು ಬಡವರಿಗೆ ಬುದ್ಧಿ ಹೇಳುವವರಿದ್ದಾರೆ. ಅವರಿಗೂ ಬೇಕಾದದ್ದು ನಿಮ್ಮ ಪಾಠದ ಅರ್ಧ ಭಾಗವೇ. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ.

ನಾಗರಹೊಳೆಯ ಆ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಆಯ್ಕೆಗೆ ಅವಕಾಶವಿದ್ದರೆ ಹುಲಿಯಂಥ ದೊಡ್ಡ ಬೇಟೆಪ್ರಾಣಿಗಳು ದೊಡ್ಡ ಪ್ರಾಣಿಯನ್ನೇ ಆರಿಸುತ್ತವೆ. ಆರಿಸುವಂತೆ ಕಾಣದ ಕಾಡುಗಳಲ್ಲಿ ಬಹುಶಃ ದೊಡ್ಡ ಪ್ರಾಣಿಗಳೇ ಉಳಿದಿಲ್ಲ. ಸಂತೆಯಲ್ಲಿ ಮಾಲಿದ್ದರೆ ತಾನೇ ಆರಿಸುವುದು? ಕಡವೆ, ಜಿಂಕೆಗಳಿಗೆ ನಾವೇ ಉರುಳು ಹಾಕುತ್ತೇವೆ. ಆಮೇಲೆ ಹುಲಿ ದನ ಹಿಡಿಯಿತು, ಚಿರತೆ ಬೀದಿನಾಯಿ ಎಳೆದೊಯ್ದಿತು ಎಂದು ಟೀವಿಯಲ್ಲಿ ದಿನವಿಡೀ ಕೂಗಾಡುತ್ತೇವೆ. ದನ ಕಳೆದುಕೊಂಡ ರೈತನ ಸಂಕಟ ನಿಜ, ಪರಿಹಾರ ಅವನಿಗೆ ತಡವಿಲ್ಲದೆ ಸಿಗಬೇಕು. ಆದರೆ ಉರುಳಿನ ಸುದ್ದಿಗೆ ಮೂಲೆಯಲ್ಲಿ ನಾಲ್ಕು ಸಾಲೂ ಸಿಗುವುದಿಲ್ಲ ಅಲ್ವಾ?

ಕೊನೆಗೆ ನಿಮ್ಮ ಹತೋಟಿ ವಿಷಯ. ಇಡೀ ಪ್ರಪಂಚದಲ್ಲಿ ಮರಿ ಹಾಕುವ ವಯಸ್ಸಿನ ಸೀಳುನಾಯಿಗಳು ಹೆಚ್ಚೆಂದರೆ 2,200ರ ಆಸುಪಾಸು ಎಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಅಂದಾಜು ಮಾಡಿದೆ. ಊರುನಾಯಿಗಳಿಂದ ಹರಡುವ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ, ಹುಚ್ಚುನಾಯಿ ರೋಗಗಳಿಗೆ ಇವು ಬಲಿಯಾಗುವ ಭಯ ಬೇರೆ. ನಿಮ್ಮ ಶಿಷ್ಯರು ಯಾರಾದರೂ ಕಾಡಂಚಿನ ತಾಲ್ಲೂಕುಗಳಲ್ಲಿ ಕೆಲಸದಲ್ಲಿದ್ದರೆ, ಅಲ್ಲಿನ ನಾಯಿಗಳಿಗೆ ವರ್ಷ ವರ್ಷ ಲಸಿಕೆ ಹಾಕಿಸಲು ಹೇಳಿ. ಮೇಷ್ಟ್ರ ಮಾತನ್ನು ಅವರು ತೆಗೆದುಹಾಕುವುದಿಲ್ಲ.